ಜಮ್‌ಶೆಡ್‌ಜಿ ನಸರ್‌ವಾನ್‌ಜಿ ಟಾಟಾ: ಭಾರತದ ಕೈಗಾರಿಕೀಕರಣ ಮತ್ತು ಕಾರ್ಮಿಕ ಹಿತರಕ್ಷಣೆಯ ಆರಂಭದ ದಿನಗಳು

ಪೀಠಿಕೆ

ಭಾರತದ ಆಧುನಿಕ ಕೈಗಾರಿಕೆಗಳ ಇತಿಹಾಸದಲ್ಲಿ ಜಮ್‌ಶೆಡ್‌ಜಿ ನಸರ್‌ವಾನ್‌ಜಿ ಟಾಟಾ (1839–1904) ಅವರ ಹೆಸರು ಅಗ್ರಗಣ್ಯವಾದುದು. ಹತ್ತಿ ಗಿರಣಿ, ಉಕ್ಕಿನ ಕಾರ್ಖಾನೆ, ಜಲವಿದ್ಯುತ್ ಯೋಜನೆ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೂಲ ಪ್ರೇರಕರಾಗಿ ಅವರು ನಾಡಿನ ಜನತೆಗೆ ಪರಿಚಿತರು. ಇವೆಲ್ಲವುಗಳ ಜೊತೆಗೆ ಅವರ ಜೀವನದಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಮತ್ತೊಂದು ಮುಖವಿದೆ. ಜನಸಂಖ್ಯೆ ಹೇರಳವಾಗಿದ್ದು ಉದ್ಯೋಗ ವಿರಳವಾಗಿದ್ದ ದೇಶದಲ್ಲಿಯೂ ಕಾರ್ಖಾನೆಗಳಿಗೆ ಸ್ಥಿರವಾದ ಕಾರ್ಮಿಕರು ಏಕೆ ದೊರೆಯುತ್ತಿಲ್ಲ ಎಂಬ ಪ್ರಶ್ನೆಯನ್ನು ಅವರು ಎದುರಿಸಿದರು ಮತ್ತು ಅದಕ್ಕೆ ಕಾರ್ಯರೂಪದಲ್ಲಿ ಉತ್ತರ ಹುಡುಕಿದರು.

ಇಂದು ಭವಿಷ್ಯ ನಿಧಿ, ನಿವೃತ್ತಿ ವೇತನ, ಅಪಘಾತ ಪರಿಹಾರ ಮೊದಲಾದ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸುವ ಕಾರ್ಮಿಕರು ಮತ್ತು ಅವರ ಕುಟುಂಬದವರು ಈ ಸೌಲಭ್ಯಗಳು ಹೇಗೆ ರೂಪುಗೊಂಡವು ಎಂಬುದನ್ನು ಅರಿಯಲು ಈ ಜೀವನ ಚರಿತ್ರೆಯು ನೆರವಾಗುತ್ತದೆ.

ಜನನ, ಬಾಲ್ಯ ಮತ್ತು ಶಿಕ್ಷಣ

ಜಮ್‌ಶೆಡ್‌ಜಿಯವರು 1839ರ ಮಾರ್ಚ್ 3ರಂದು ಈಗಿನ ಗುಜರಾತ್ ರಾಜ್ಯದ ನವಸಾರಿ ಎಂಬ ಪಟ್ಟಣದಲ್ಲಿ ಜನಿಸಿದರು. ಅಂದು ನವಸಾರಿಯು ಬರೋಡಾ ಸಂಸ್ಥಾನಕ್ಕೆ ಸೇರಿತ್ತು. ತಂದೆ ನಸರ್‌ವಾನ್‌ಜಿ ಟಾಟಾ, ತಾಯಿ ಜೀವನ್‌ಬಾಯಿ. ಅವರದು ತಲೆತಲಾಂತರದಿಂದ ಪೌರೋಹಿತ್ಯ ನಡೆಸಿಕೊಂಡು ಬಂದ ಪಾರ್ಸಿ ಮನೆತನ. ಆ ಪರಂಪರೆಯಿಂದ ಹೊರಬಂದು ವ್ಯಾಪಾರವನ್ನು ಕೈಗೊಂಡ ಮೊದಲಿಗರು ನಸರ್‌ವಾನ್‌ಜಿಯವರು.

ಬಾಲಕ ಜಮ್‌ಶೆಡ್‌ಜಿ ಹದಿಹರೆಯದಲ್ಲಿ ತಂದೆಯೊಡನೆ ಮುಂಬಯಿಗೆ ಬಂದು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮಾಡಿದರು. 1858ರಲ್ಲಿ ಶಿಕ್ಷಣ ಮುಗಿಸಿ ತಂದೆಯ ವ್ಯಾಪಾರ ಸಂಸ್ಥೆಯನ್ನು ಸೇರಿದರು. ಓದಿನ ಅಭಿರುಚಿಯು ಅವರನ್ನು ಜೀವನಪರ್ಯಂತ ಬಿಡಲಿಲ್ಲ. ಅವರ ಪತ್ನಿ ಹೀರಾಬಾಯಿ. ದೊರಾಬ್‌ಜಿ ಮತ್ತು ರತನ್‌ಜಿ ಅವರ ಪುತ್ರರು.

ವ್ಯಾಪಾರದಿಂದ ಉದ್ಯಮದ ಕಡೆಗೆ

1859ರಲ್ಲಿ ಜಮ್‌ಶೆಡ್‌ಜಿಯವರು ಸಂಸ್ಥೆಯ ಕೆಲಸದ ಮೇಲೆ ಹಾಂಗ್‌ಕಾಂಗ್‌ಗೆ ತೆರಳಿದರು. ಆ ಕಾಲದ ಮುಂಬಯಿಯ ಇತರ ಅನೇಕ ವರ್ತಕರಂತೆ ಟಾಟಾ ಕುಟುಂಬವೂ ಚೀನಾದೊಂದಿಗೆ ಹತ್ತಿ ಮತ್ತು ಅಫೀಮಿನ ವ್ಯಾಪಾರ ನಡೆಸುತ್ತಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಬರುವುದು ನಿಂತುಹೋದಾಗ ಭಾರತದ ಹತ್ತಿಗೆ ಅಪಾರ ಬೇಡಿಕೆ ಉಂಟಾಯಿತು. ಮುಂಬಯಿಯಲ್ಲಿ ಹಣದ ಹೊಳೆಯೇ ಹರಿಯಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆಗಳು ಕುಸಿದು ಅನೇಕ ಬ್ಯಾಂಕುಗಳೂ ವ್ಯಾಪಾರಿ ಮನೆತನಗಳೂ ದಿವಾಳಿಯಾದವು. ಟಾಟಾ ಕುಟುಂಬವೂ ಭಾರಿ ನಷ್ಟ ಅನುಭವಿಸಿತು.

ಆ ಸಂದರ್ಭದಲ್ಲಿ ಇಂಗ್ಲೆಂಡಿನಲ್ಲಿದ್ದ ಯುವಕ ಜಮ್‌ಶೆಡ್‌ಜಿ ಸಾಲಗಾರರ ಒತ್ತಡವನ್ನು ಎದುರಿಸಬೇಕಾಯಿತು. ಅದೇ ವಾಸ್ತವ್ಯದಲ್ಲಿ ಅವರು ಲ್ಯಾಂಕಾಶೈರ್ ಪ್ರಾಂತ್ಯದ ಹತ್ತಿ ಗಿರಣಿಗಳನ್ನು ಹತ್ತಿರದಿಂದ ಕಂಡರು. ಭಾರತದ ಹೊಲಗಳಲ್ಲಿ ಬೆಳೆದ ಹತ್ತಿಯು ಸಾವಿರಾರು ಮೈಲಿ ದೂರ ಸಾಗಿ, ಬಟ್ಟೆಯಾಗಿ ಮತ್ತೆ ಭಾರತಕ್ಕೇ ಮರಳಿ ಮಾರಾಟವಾಗುತ್ತಿದ್ದ ವ್ಯವಸ್ಥೆಯು ಅವರ ಗಮನ ಸೆಳೆಯಿತು.

1868ರಲ್ಲಿ ಅವರು 21,000 ರೂಪಾಯಿಗಳ ಬಂಡವಾಳದಿಂದ ಸ್ವಂತ ವ್ಯಾಪಾರ ಸಂಸ್ಥೆಯನ್ನು ಆರಂಭಿಸಿದರು. ಮರುವರ್ಷ ಮುಂಬಯಿಯ ಚಿಂಚ್‌ಪೋಕ್ಲಿಯಲ್ಲಿ ದಿವಾಳಿಯಾಗಿದ್ದ ಎಣ್ಣೆ ಗಿರಣಿಯೊಂದನ್ನು ಕೊಂಡು ಅದನ್ನು ಅಲೆಕ್ಸಾಂಡ್ರಾ ಮಿಲ್ ಎಂಬ ಹೆಸರಿನ ಹತ್ತಿ ಗಿರಣಿಯನ್ನಾಗಿ ಪರಿವರ್ತಿಸಿ, ಎರಡು ವರ್ಷಗಳಲ್ಲಿ ಲಾಭಕ್ಕೆ ಮಾರಾಟ ಮಾಡಿದರು. ತರುವಾಯ ಪುನಃ ಇಂಗ್ಲೆಂಡಿಗೆ ಹೋಗಿ ಗಿರಣಿ ಉದ್ಯಮವನ್ನು ಕೂಲಂಕಷವಾಗಿ ಅಧ್ಯಯನ ಮಾಡಿ ಹಿಂದಿರುಗಿದರು.

ನಾಗಪುರದ ಎಂಪ್ರೆಸ್ ಮಿಲ್ಸ್

ಆ ಕಾಲದಲ್ಲಿ ಹತ್ತಿ ಗಿರಣಿ ಎಂದರೆ ಮುಂಬಯಿ ಎಂಬ ಭಾವನೆ ಬಲವಾಗಿತ್ತು. ಜಮ್‌ಶೆಡ್‌ಜಿಯವರು ಈ ರೂಢಿಯನ್ನು ಬಿಟ್ಟು ಮಧ್ಯ ಭಾರತದ ನಾಗಪುರವನ್ನು ಆರಿಸಿಕೊಂಡರು. ಹತ್ತಿ ಬೆಳೆಯುವ ಪ್ರದೇಶ ಸಮೀಪದಲ್ಲಿರಬೇಕು, ಸರಕನ್ನು ಮಾರುಕಟ್ಟೆಗೆ ಸಾಗಿಸಲು ರೈಲು ಸೌಕರ್ಯವಿರಬೇಕು, ಕಲ್ಲಿದ್ದಲು ಮತ್ತು ನೀರು ಸುಲಭವಾಗಿ ದೊರೆಯಬೇಕು ಎಂಬುದು ಅವರ ಲೆಕ್ಕಾಚಾರವಾಗಿತ್ತು. 1874ರಲ್ಲಿ 15 ಲಕ್ಷ ರೂಪಾಯಿಗಳ ಬಂಡವಾಳದಿಂದ ಸೆಂಟ್ರಲ್ ಇಂಡಿಯಾ ಸ್ಪಿನ್ನಿಂಗ್, ವೀವಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯನ್ನು ಸ್ಥಾಪಿಸಲಾಯಿತು. ಗಿರಣಿಗಾಗಿ ಪಡೆದ ಜೌಗು ನೆಲವನ್ನು ಮಣ್ಣು ಸುರಿದು ಎತ್ತರಿಸಬೇಕಾಯಿತು. ಇದನ್ನು ಕಂಡ ಸ್ಥಳೀಯ ಲೇವಾದೇವಿಗಾರರೊಬ್ಬರು ಹಣವನ್ನು ಕೆಸರಿಗೆ ಸುರಿಯುತ್ತಿದ್ದಾರೆಂದು ಭಾವಿಸಿ ಸಾಲ ನೀಡಲು ನಿರಾಕರಿಸಿದರೆಂದೂ, ಮುಂದೆ ಅದೇ ಮಣ್ಣಿನಿಂದ ಚಿನ್ನ ತೆಗೆದರೆಂದು ಒಪ್ಪಿಕೊಂಡರೆಂದೂ ಪ್ರತೀತಿ ಇದೆ.

1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಘೋಷಿಸಿದ ದಿನವೇ, ಗಿರಣಿಯು ಆರಂಭಗೊಂಡು ಎಂಪ್ರೆಸ್ ಮಿಲ್ಸ್ ಎಂಬ ಹೆಸರು ಪಡೆಯಿತು. ರೈಲ್ವೆ ಇಲಾಖೆಯ ಅನುಭವ ಹೊಂದಿದ್ದ ಬೆಜೋನ್‌ಜಿ ದಾದಾಭಾಯಿ ಮೆಹ್ತಾ ಅವರನ್ನು ವ್ಯವಸ್ಥಾಪಕರನ್ನಾಗಿಯೂ, ಜೇಮ್ಸ್ ಬ್ರೂಕ್ಸ್‌ಬಿ ಅವರನ್ನು ತಾಂತ್ರಿಕ ಮುಖ್ಯಸ್ಥರನ್ನಾಗಿಯೂ ನೇಮಿಸಲಾಯಿತು.

ಮೊದಲ ವರ್ಷಗಳು ಸುಗಮವಾಗಿರಲಿಲ್ಲ. ಮೊದಲು ತರಿಸಿದ ಯಂತ್ರಗಳು ನಿರೀಕ್ಷಿಸಿದ ಗುಣಮಟ್ಟದವಾಗಿರಲಿಲ್ಲ. ಅವುಗಳನ್ನು ಕ್ರಮೇಣ ಬದಲಾಯಿಸಲಾಯಿತು. ಯಂತ್ರಗಳ ಸಮಸ್ಯೆಯನ್ನು ಹಣದಿಂದ ಪರಿಹರಿಸಲು ಸಾಧ್ಯವಾಯಿತು. ಯಂತ್ರ ನಡೆಸುವ ಕಾರ್ಮಿಕರ ಸಮಸ್ಯೆಯು ಅಷ್ಟು ಸರಳವಾಗಿರಲಿಲ್ಲ.

ಜನರಿದ್ದರೂ ಕಾರ್ಮಿಕರಿಲ್ಲದ ಸ್ಥಿತಿ

ಎಂಪ್ರೆಸ್ ಮಿಲ್ಸ್ ಆರಂಭವಾದ 1877ನೆಯ ವರ್ಷವು ದಕ್ಷಿಣ ಭಾರತದ ಪಾಲಿಗೆ ಘೋರ ಕ್ಷಾಮದ ವರ್ಷವಾಗಿತ್ತು. ಮೈಸೂರು ಸಂಸ್ಥಾನ ಹಾಗೂ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಧಾತು-ಈಶ್ವರ ಸಂವತ್ಸರಗಳ ಬರವೆಂದು ಜನಮನದಲ್ಲಿ ಉಳಿದ ಆ ಕ್ಷಾಮದಲ್ಲಿ ಲಕ್ಷಾಂತರ ಜನರು ಅನ್ನವನ್ನರಸಿ ಊರು ಬಿಟ್ಟರು. ದೇಶದಲ್ಲಿ ದುಡಿಯುವ ಕೈಗಳಿಗೆ ಕೊರತೆ ಇರಲಿಲ್ಲ. ಆದರೂ ನಾಗಪುರದ ಗಿರಣಿಯಲ್ಲಿ ಪ್ರತಿದಿನವೂ ಗಣನೀಯ ಸಂಖ್ಯೆಯ ಕಾರ್ಮಿಕರು ಗೈರುಹಾಜರಾಗುತ್ತಿದ್ದರು. ಎಷ್ಟು ಜನ ಬರುವರೆಂಬುದು ಬೆಳಿಗ್ಗೆ ಗಿರಣಿಯ ಬಾಗಿಲು ತೆರೆದ ಮೇಲೆಯೇ ತಿಳಿಯುತ್ತಿತ್ತು.

ಇದಕ್ಕೆ ಕಾರಣಗಳು ಹಲವಾಗಿದ್ದವು. ಗಿರಣಿ ಕಾರ್ಮಿಕರಲ್ಲಿ ಬಹುಪಾಲು ಜನರು ಹಳ್ಳಿಯಿಂದ ಬಂದವರು. ಬಿತ್ತನೆ, ಸುಗ್ಗಿ, ಮದುವೆ, ಜಾತ್ರೆಗಳ ಕಾಲದಲ್ಲಿ ಅವರು ಊರಿಗೆ ಮರಳುತ್ತಿದ್ದರು. ಹೊಲದ ಕೆಲಸವು ಮಳೆ ಬಿಸಿಲುಗಳ ಗತಿಗೆ ಹೊಂದಿಕೊಂಡು ನಡೆಯುವುದು. ಗಿರಣಿಯ ಕೆಲಸವು ಗಂಟೆಯ ಸದ್ದಿಗೆ ಆರಂಭವಾಗಿ ಗಂಟೆಯ ಸದ್ದಿಗೆ ಮುಗಿಯುವುದು. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ, ಹತ್ತಿಯ ಧೂಳು ಮತ್ತು ಸೆಕೆಯ ನಡುವೆ ನಿಂತು ದುಡಿಯುವುದು ಅವರ ಆರೋಗ್ಯವನ್ನೂ ಕುಗ್ಗಿಸುತ್ತಿತ್ತು.

ಇವೆಲ್ಲಕ್ಕಿಂತ ಮುಖ್ಯವಾದ ಕಾರಣ ಮತ್ತೊಂದಿತ್ತು. ಗಿರಣಿಯು ದುಡಿದ ದಿನದ ಕೂಲಿಯನ್ನು ಮಾತ್ರ ನೀಡುತ್ತಿತ್ತು. ಕಾಯಿಲೆ ಬಿದ್ದಾಗ, ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡಾಗ ಅಥವಾ ವಯಸ್ಸಾದಾಗ ಕಾರ್ಮಿಕನಿಗೆ ಆಸರೆಯಾಗಿ ಉಳಿಯುತ್ತಿದ್ದುದು ಊರಿನ ಮನೆ, ತುಂಡು ಭೂಮಿ ಮತ್ತು ಬಂಧುಬಳಗ ಮಾತ್ರ. ಆದುದರಿಂದ ಊರಿನ ನಂಟನ್ನು ಕಡಿದುಕೊಳ್ಳಲು ಅವನು ಸಿದ್ಧನಿರಲಿಲ್ಲ. ಅಂದಿನ ಅನೇಕ ಮಾಲೀಕರು ಇದನ್ನು ಸೋಮಾರಿತನವೆಂದು ಪರಿಗಣಿಸಿ ದಂಡ ವಿಧಿಸುತ್ತಿದ್ದರು. ಕಾರ್ಮಿಕರ ದೃಷ್ಟಿಯಿಂದ ನೋಡಿದಾಗ ಅದು ವಿವೇಕದ ನಡೆಯೇ ಆಗಿತ್ತು.

ಕೈಗೊಂಡ ಕ್ರಮಗಳು

ಜಮ್‌ಶೆಡ್‌ಜಿಯವರು ದಂಡನೆಯ ಮಾರ್ಗವನ್ನು ಬಿಟ್ಟು ಕಾರ್ಮಿಕರನ್ನು ಗಿರಣಿಯಲ್ಲಿ ಉಳಿಸಿಕೊಳ್ಳುವ ಮಾರ್ಗವನ್ನು ಅನುಸರಿಸಿದರು. ಊರು ನೀಡುತ್ತಿದ್ದ ಭದ್ರತೆಯ ಒಂದು ಭಾಗವನ್ನಾದರೂ ಗಿರಣಿಯೇ ನೀಡಿದರೆ ಕಾರ್ಮಿಕರು ಸ್ಥಿರವಾಗಿ ನಿಲ್ಲುವರೆಂಬುದು ಈ ಕ್ರಮಗಳ ಹಿಂದಿದ್ದ ತತ್ವ. ಅವುಗಳಲ್ಲಿ ಮುಖ್ಯವಾದವು ಈ ಕೆಳಕಂಡಂತಿವೆ.

1. ನಿವೃತ್ತಿ ವೇತನ ನಿಧಿ: 1886ರಲ್ಲಿ ಎಂಪ್ರೆಸ್ ಮಿಲ್ಸ್‌ನಲ್ಲಿ ಕಾರ್ಮಿಕರಿಗಾಗಿ ನಿವೃತ್ತಿ ವೇತನ ನಿಧಿಯನ್ನು ಸ್ಥಾಪಿಸಲಾಯಿತು. ದೀರ್ಘಕಾಲ ದುಡಿದವರಿಗೆ ವೃದ್ಧಾಪ್ಯದಲ್ಲಿ ಆಸರೆ ಒದಗಿಸುವುದು ಇದರ ಉದ್ದೇಶವಾಗಿತ್ತು.

2. ಅಪಘಾತ ಪರಿಹಾರ: 1895ರಿಂದ ಕೆಲಸದ ವೇಳೆಯಲ್ಲಿ ಅಪಘಾತಕ್ಕೀಡಾದವರಿಗೆ ಪರಿಹಾರ ಧನ ನೀಡಲು ಆರಂಭಿಸಲಾಯಿತು. ಕೈಗಾರಿಕಾ ರಾಷ್ಟ್ರವಾದ ಬ್ರಿಟನ್ನಿನಲ್ಲಿ ಈ ಕುರಿತ ಪ್ರಮುಖ ಕಾನೂನು ಬಂದದ್ದು 1897ರಲ್ಲಿ ಎಂಬುದು ಗಮನಾರ್ಹ.

3. ಹಾಜರಾತಿಗೆ ಬಹುಮಾನ: ಕಾರ್ಮಿಕರು ಮತ್ತು ಅವರ ಕುಟುಂಬದವರೆಲ್ಲರೂ ಸೇರುವ ಉತ್ಸವ ಮತ್ತು ಕ್ರೀಡಾ ದಿನಗಳನ್ನು ಏರ್ಪಡಿಸಿ, ಕ್ರಮಬದ್ಧವಾಗಿ ಹಾಜರಾದವರಿಗೆ ನಗದು, ಗಡಿಯಾರ, ಆಭರಣ, ಜರಿ ಪೇಟ ಮೊದಲಾದ ಬಹುಮಾನಗಳನ್ನು ಬಹಿರಂಗವಾಗಿ ವಿತರಿಸಲಾಗುತ್ತಿತ್ತು.

4. ಕೆಲಸದ ಸ್ಥಳದ ಸುಧಾರಣೆ: ಗಾಳಿ ಬೆಳಕಿನ ವ್ಯವಸ್ಥೆ, ಗಾಳಿಯಲ್ಲಿ ತೇವಾಂಶವನ್ನು ಕಾಯ್ದುಕೊಳ್ಳುವ ಸಾಧನ ಮತ್ತು ಬೆಂಕಿ ನಂದಿಸುವ ಸ್ವಯಂಚಾಲಿತ ನೀರಿನ ಸಿಂಚಕಗಳನ್ನು ಅಳವಡಿಸಲಾಯಿತು. ತೇವಾಂಶವು ನೂಲು ಕಡಿಯುವುದನ್ನು ತಪ್ಪಿಸುತ್ತದೆ. ಆದುದರಿಂದ ಈ ಸುಧಾರಣೆಯಿಂದ ಉತ್ಪಾದನೆಗೂ ಪ್ರಯೋಜನವಾಯಿತು.

5. ಹೊಸ ಯಂತ್ರ ಮತ್ತು ತರಬೇತಿ: ಹಳೆಯ ಮ್ಯೂಲ್ ಯಂತ್ರದಲ್ಲಿ ನೂಲಲು ದೀರ್ಘಕಾಲದ ಪರಿಣತಿ ಅವಶ್ಯಕವಾಗಿತ್ತು. ಆಗಷ್ಟೇ ಬಂದಿದ್ದ ರಿಂಗ್ ಯಂತ್ರವನ್ನು ಹೊಸಬರೂ ಬೇಗ ಕಲಿಯಬಹುದಾಗಿತ್ತು. ಲ್ಯಾಂಕಾಶೈರ್ ಇನ್ನೂ ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ಜಮ್‌ಶೆಡ್‌ಜಿಯವರು ಎಂಪ್ರೆಸ್ ಮಿಲ್ಸ್‌ನಲ್ಲಿ ರಿಂಗ್ ಯಂತ್ರಗಳನ್ನು ಪ್ರಯೋಗಿಸಿ ಯಶಸ್ವಿಯಾದರು. ವಿದ್ಯಾವಂತ ಭಾರತೀಯ ಯುವಕರನ್ನು ಶಿಶಿಕ್ಷುಗಳನ್ನಾಗಿ ತೆಗೆದುಕೊಂಡು ಮೇಲ್ವಿಚಾರಣೆಯ ಕೆಲಸಕ್ಕೆ ತಯಾರು ಮಾಡಲಾಯಿತು.

ಈ ಕ್ರಮಗಳು ದಾನಧರ್ಮದ ಸ್ವರೂಪದವಾಗಿರಲಿಲ್ಲ. ಹೊಸಬರು ಬಂದು ಕೆಲಸ ಕಲಿತು, ಕಲಿತ ಮೇಲೆ ಬಿಟ್ಟುಹೋಗುವುದರಿಂದ ಗಿರಣಿಗೆ ಆಗುತ್ತಿದ್ದ ನಷ್ಟ ದೊಡ್ಡದು. ಕಡಿಮೆ ಕೂಲಿಯ ಅಸ್ಥಿರ ಕಾರ್ಮಿಕರಿಂದ ಯಂತ್ರಗಳು ನಿಂತರೆ ಆ ಕಡಿಮೆ ಕೂಲಿಯೇ ದುಬಾರಿಯಾಗುತ್ತದೆ. ಭದ್ರತೆಗಾಗಿ ಮಾಡಿದ ವೆಚ್ಚವು ಉತ್ಪಾದನೆಯ ರೂಪದಲ್ಲಿ ಹಿಂದಿರುಗಿತು. ಎಂಪ್ರೆಸ್ ಮಿಲ್ಸ್ ದೇಶದ ಅತ್ಯಂತ ಲಾಭದಾಯಕ ಗಿರಣಿಗಳ ಸಾಲಿಗೆ ಸೇರಿತು.

ಮುಂಬಯಿಯ ಪ್ಲೇಗ್ ಮತ್ತು ಕೂಲಿ ದರದ ಏರಿಕೆ

1886ರಲ್ಲಿ ಜಮ್‌ಶೆಡ್‌ಜಿಯವರು ಮುಂಬಯಿಯ ಕುರ್ಲಾದಲ್ಲಿ ದುಃಸ್ಥಿತಿಯಲ್ಲಿದ್ದ ಧರಮ್ಸಿ ಮಿಲ್ ಅನ್ನು ಖರೀದಿಸಿ ಅದಕ್ಕೆ ಸ್ವದೇಶಿ ಮಿಲ್ಸ್ ಎಂದು ಹೆಸರಿಟ್ಟರು. ಈ ಗಿರಣಿಯನ್ನು ಸುಸ್ಥಿತಿಗೆ ತರಲು ವರ್ಷಗಳೇ ಹಿಡಿದವು.

ಮುಂಬಯಿಯ ಗಿರಣಿಗಳಲ್ಲಿ ಕಾರ್ಮಿಕರ ನೇಮಕಾತಿಯು ಬಹುಮಟ್ಟಿಗೆ ಮೇಸ್ತ್ರಿಗಳ ಕೈಯಲ್ಲಿತ್ತು. ಕೊಂಕಣ ಮತ್ತು ದಖನ್ನಿನ ಜಿಲ್ಲೆಗಳಿಂದ ಗುಳೆ ಬಂದವರಿಗೆ ಕೆಲಸ ಕೊಡಿಸುವವರೂ, ಸಾಲ ಒದಗಿಸುವವರೂ, ಕೆಲಸದಿಂದ ತೆಗೆಯುವವರೂ ಅವರೇ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಈ ವ್ಯವಸ್ಥೆಯ ದೌರ್ಬಲ್ಯವು ಬಯಲಾಯಿತು. ಲಕ್ಷಾಂತರ ಜನರು ನಗರವನ್ನು ತೊರೆದು ಊರುಗಳಿಗೆ ಹಿಂದಿರುಗಿದರು. ಗಿರಣಿಗಳಲ್ಲಿ ಕದಿರುಗಳೂ ಮಗ್ಗಗಳೂ ನಿಂತವು. ಉಳಿದ ಕೆಲವೇ ಕಾರ್ಮಿಕರಿಗಾಗಿ ಮಾಲೀಕರು ಪರಸ್ಪರ ಪೈಪೋಟಿ ನಡೆಸಿ ಹೆಚ್ಚಿನ ಕೂಲಿ ನೀಡಬೇಕಾಯಿತು. ತಿಂಗಳ ಪಗಾರವನ್ನು ವಾರಗಟ್ಟಲೆ ತಡೆಹಿಡಿಯುವ ಪದ್ಧತಿಗೆ ಒಗ್ಗಿದ್ದ ಗಿರಣಿಗಳು ಪ್ರತಿದಿನದ ಕೂಲಿಯನ್ನು ಅಂದೇ ಸಂಜೆ ಕೊಡಲು ಒಪ್ಪಿದವು.

ಪ್ಲೇಗ್ ತಗ್ಗಿ ಜನರು ಹಿಂದಿರುಗಿದ ಮೇಲೆ ಈ ಅನುಕೂಲಗಳು ಹೆಚ್ಚು ಕಾಲ ಉಳಿಯಲಿಲ್ಲ. ಕಾರ್ಮಿಕರ ಕೊರತೆಯಿಂದ ಏರಿದ ಕೂಲಿಯು ಕೊರತೆ ನೀಗಿದೊಡನೆ ಇಳಿಯುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಕಾರ್ಮಿಕರ ಕೌಶಲ ಮತ್ತು ಉತ್ಪಾದನಾ ಶಕ್ತಿ ಹೆಚ್ಚಿದಾಗ ಮತ್ತು ಕಾನೂನಿನ ಬೆಂಬಲ ದೊರೆತಾಗ ಮಾತ್ರ ಕೂಲಿಯ ಏರಿಕೆಯು ಸ್ಥಿರವಾಗಿ ನಿಲ್ಲಬಲ್ಲದು.

ಮುಂದೆ 1954ರಲ್ಲಿ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ ಅವರು ಇದೇ ವಿಷಯವನ್ನು ಸಿದ್ಧಾಂತ ರೂಪದಲ್ಲಿ ಮಂಡಿಸಿದರು. ಕೃಷಿಯಲ್ಲಿ ಹೆಚ್ಚುವರಿ ಜನರಿರುವವರೆಗೆ ಕೈಗಾರಿಕೆಗಳಿಗೆ ಕಡಿಮೆ ಕೂಲಿಯಲ್ಲಿ ಕಾರ್ಮಿಕರು ದೊರೆಯುತ್ತಾ ಹೋಗುವರು, ಆ ಹೆಚ್ಚುವರಿ ಮುಗಿದ ನಂತರ ಕೂಲಿ ದರವು ಏರತೊಡಗುವುದು ಎಂಬುದು ಅವರ ವಾದದ ಸಾರ. ನಾಗಪುರದ ಅನುಭವವು ಈ ವಾದಕ್ಕೆ ಒಂದು ಅಂಶವನ್ನು ಸೇರಿಸುತ್ತದೆ. ಹಳ್ಳಿಯಲ್ಲಿ ಹೆಚ್ಚುವರಿಯಾಗಿರುವ ವ್ಯಕ್ತಿಯು ತಾನೇ ತಾನಾಗಿ ಕಾರ್ಖಾನೆಯ ಕಾರ್ಮಿಕನಾಗುವುದಿಲ್ಲ. ಅವನಿಗೆ ತರಬೇತಿ, ಆರೋಗ್ಯ, ವಸತಿ ಮತ್ತು ನಾಳಿನ ಭರವಸೆ ಬೇಕಾಗುತ್ತದೆ.

ಮೈಸೂರು ಸಂಸ್ಥಾನದೊಂದಿಗಿನ ಸಂಬಂಧ

ಕೌಶಲವಿಲ್ಲದೆ ಕೈಗಾರಿಕೆ ಬೆಳೆಯದು ಎಂಬ ತಿಳಿವಳಿಕೆಯು ಜಮ್‌ಶೆಡ್‌ಜಿಯವರನ್ನು ಶಿಕ್ಷಣ ಕ್ಷೇತ್ರದ ಕಡೆಗೆ ಸೆಳೆಯಿತು. 1892ರಲ್ಲಿ ಭಾರತೀಯ ವಿದ್ಯಾರ್ಥಿಗಳು ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡಲು ನೆರವಾಗುವ ದತ್ತಿ ನಿಧಿಯನ್ನು ಅವರು ಸ್ಥಾಪಿಸಿದರು. 1893ರಲ್ಲಿ ಜಪಾನಿನಿಂದ ಅಮೆರಿಕ ಖಂಡಕ್ಕೆ ಹೊರಟಿದ್ದ ಹಡಗಿನಲ್ಲಿ ಅವರಿಗೆ ಸ್ವಾಮಿ ವಿವೇಕಾನಂದರ ಭೇಟಿಯಾಯಿತು. 1898ರಲ್ಲಿ ವಿಜ್ಞಾನ ಸಂಶೋಧನೆಗಾಗಿ ಉನ್ನತ ಸಂಸ್ಥೆಯೊಂದನ್ನು ಸ್ಥಾಪಿಸುವ ಯೋಜನೆಯನ್ನು ಪ್ರಕಟಿಸಿ, ಅದಕ್ಕಾಗಿ ಸುಮಾರು 30 ಲಕ್ಷ ರೂಪಾಯಿ ಮೌಲ್ಯದ ತಮ್ಮ ಆಸ್ತಿಯನ್ನು ನೀಡಲು ಮುಂದಾದರು. ಅಂದು ಅದು ಅವರ ಸಂಪತ್ತಿನ ಅರ್ಧದಷ್ಟಿತ್ತು.

ಈ ಸಂಸ್ಥೆಗೆ ಸೂಕ್ತ ಸ್ಥಳವನ್ನು ಸೂಚಿಸಲು 1900ರ ಸುಮಾರಿಗೆ ಭಾರತ ಪ್ರವಾಸ ಕೈಗೊಂಡ ವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಅವರು ಬೆಂಗಳೂರನ್ನು ಶಿಫಾರಸು ಮಾಡಿದರು. ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಯೋಜನೆಗೆ ಪ್ರೋತ್ಸಾಹ ನೀಡಿದರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನೂ ಧನಸಹಾಯವನ್ನೂ ಒದಗಿಸಿತು. 1909ರ ಮೇ 27ರಂದು ಸಂಸ್ಥೆಯು ವಿಧಿವತ್ತಾಗಿ ಸ್ಥಾಪನೆಗೊಂಡು, 1911ರಲ್ಲಿ ಮೊದಲ ತಂಡದ ವಿದ್ಯಾರ್ಥಿಗಳು ಪ್ರವೇಶ ಪಡೆದರು. ಇಂದಿಗೂ ಬೆಂಗಳೂರಿನ ಜನರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವುದುಂಟು.

ಮೈಸೂರು ರೇಷ್ಮೆಯ ಅಭಿವೃದ್ಧಿಯಲ್ಲಿಯೂ ಜಮ್‌ಶೆಡ್‌ಜಿಯವರ ಪಾತ್ರವಿದೆ. ಜಪಾನಿನಲ್ಲಿ ರೇಷ್ಮೆ ಉದ್ಯಮವು ಗ್ರಾಮೀಣ ಕುಟುಂಬಗಳಿಗೆ ಆದಾಯ ತರುತ್ತಿರುವುದನ್ನು ಕಂಡ ಅವರು, ಮೈಸೂರು ಸರ್ಕಾರದ ಭೂಮಿ ಮತ್ತು ಸಹಾಯಧನದ ನೆರವಿನಿಂದ ಬೆಂಗಳೂರಿನಲ್ಲಿ ಪ್ರಾಯೋಗಿಕ ರೇಷ್ಮೆ ಕ್ಷೇತ್ರವನ್ನು ಆರಂಭಿಸಿದರು. ಜಪಾನೀ ತಜ್ಞರನ್ನು ಕರೆಸಿ ಹುಳು ಸಾಕಣೆ ಮತ್ತು ನೂಲು ಬಿಚ್ಚಾಣಿಕೆಯಲ್ಲಿ ಸ್ಥಳೀಯರಿಗೆ ತರಬೇತಿ ಕೊಡಿಸಿದರು. ಬಸವನಗುಡಿ ಸಮೀಪದ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರು ಆ ಕ್ಷೇತ್ರದ ನೆನಪನ್ನು ಉಳಿಸಿಕೊಂಡು ಬಂದಿದೆ.

ಕೌಟುಂಬಿಕ ಸಂಬಂಧವೂ ಮೈಸೂರಿನೊಡನೆ ಬೆಳೆಯಿತು. ಹಿರಿಯ ಪುತ್ರ ದೊರಾಬ್‌ಜಿಯವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಹೋರ್ಮಸ್‌ಜಿ ಭಾಭಾ ಅವರ ಪುತ್ರಿ ಮೆಹರ್‌ಬಾಯಿ ಅವರನ್ನು ವಿವಾಹವಾದರು.

ಉಕ್ಕಿನ ಕಾರ್ಖಾನೆಯ ಕನಸು

1882ರಲ್ಲಿ ಮಧ್ಯ ಪ್ರಾಂತ್ಯದ ಚಾಂದಾ ಜಿಲ್ಲೆಯ ಕಬ್ಬಿಣದ ಅದಿರಿನ ಕುರಿತು ಜರ್ಮನ್ ಭೂವಿಜ್ಞಾನಿಯೊಬ್ಬರು ಬರೆದ ವರದಿಯನ್ನು ಓದಿದಂದಿನಿಂದ ಉಕ್ಕಿನ ಕಾರ್ಖಾನೆಯ ವಿಚಾರವು ಜಮ್‌ಶೆಡ್‌ಜಿಯವರ ಮನಸ್ಸಿನಲ್ಲಿತ್ತು. ಅಂದಿನ ಗಣಿಗಾರಿಕೆ ನಿಯಮಗಳು ಕಠಿಣವಾಗಿದ್ದುದರಿಂದ ಅದು ಮುಂದುವರಿಯಲಿಲ್ಲ. 1899ರಲ್ಲಿ ನಿಯಮಗಳು ಸಡಿಲಗೊಂಡ ಮೇಲೆ ಅವರು ಪುನಃ ಕಾರ್ಯಪ್ರವೃತ್ತರಾದರು. 1902ರಲ್ಲಿ ಅಮೆರಿಕಕ್ಕೆ ತೆರಳಿ ಅಲ್ಲಿನ ಉಕ್ಕಿನ ಕೇಂದ್ರಗಳನ್ನು ನೋಡಿ, ಚಾರ್ಲ್ಸ್ ಪೇಜ್ ಪೆರಿನ್ ಎಂಬ ತಜ್ಞರ ನೆರವನ್ನು ಕೋರಿದರು. ಮುಂದೆ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯ ಸ್ಥಾಪನೆಗೂ ಸಲಹೆ ನೀಡಿದವರು ಇದೇ ಪೆರಿನ್ ಅವರು.

ಕಾರ್ಖಾನೆಯ ಸ್ಥಳವೂ ನಿಶ್ಚಯವಾಗದಿದ್ದ ಆ ದಿನಗಳಲ್ಲಿಯೇ ಕಾರ್ಮಿಕರು ವಾಸಿಸುವ ಊರು ಹೇಗಿರಬೇಕೆಂಬುದನ್ನು ಅವರು ಮಗ ದೊರಾಬ್‌ಜಿಯವರಿಗೆ ಪತ್ರ ಮುಖೇನ ತಿಳಿಸಿದ್ದರು. ವಿಶಾಲವಾದ ರಸ್ತೆಗಳು, ಇಕ್ಕೆಲಗಳಲ್ಲಿ ಬೇಗ ಬೆಳೆದು ನೆರಳು ನೀಡುವ ಮರಗಳು, ಹುಲ್ಲುಹಾಸು ಮತ್ತು ಉದ್ಯಾನಗಳು, ಫುಟ್‌ಬಾಲ್ ಮತ್ತು ಹಾಕಿ ಆಟದ ಬಯಲುಗಳು, ಎಲ್ಲ ಧರ್ಮದವರ ಪೂಜಾಸ್ಥಳಗಳಿಗೆ ಜಾಗ ಇರಬೇಕೆಂಬುದು ಅವರ ಆಶಯವಾಗಿತ್ತು. ಮುಂಬಯಿಯ ಗಿರಣಿ ಕಾರ್ಮಿಕರು ಇಕ್ಕಟ್ಟಾದ ಚಾಳುಗಳಲ್ಲಿ ವಾಸಿಸುತ್ತಿದ್ದುದನ್ನೂ, ಪ್ಲೇಗ್ ಬಂದಾಗ ಆ ಚಾಳುಗಳು ಬರಿದಾದುದನ್ನೂ ಕಂಡ ಕಾಲದ ಪತ್ರವದು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಕೊನೆಯ ದಿನಗಳು

1903ರ ಡಿಸೆಂಬರ್‌ನಲ್ಲಿ ಅವರು ಕಟ್ಟಿಸಿದ ಮುಂಬಯಿಯ ತಾಜ್ ಮಹಲ್ ಹೋಟೆಲ್ ಆರಂಭಗೊಂಡಿತು. ಅಷ್ಟರಲ್ಲಿ ಅವರ ಆರೋಗ್ಯವು ಕ್ಷೀಣಿಸಿತ್ತು. ಚಿಕಿತ್ಸೆಗಾಗಿ ಯುರೋಪಿಗೆ ತೆರಳಿದ್ದ ಅವರು 1904ರ ಮೇ 19ರಂದು ಜರ್ಮನಿಯ ಬಾಡ್ ನಾಹೈಮ್‌ನಲ್ಲಿ ನಿಧನರಾದರು. ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿ ಅವರ ಸಮಾಧಿ ಇದೆ. ಉಕ್ಕಿನ ಕಾರ್ಖಾನೆ, ಜಲವಿದ್ಯುತ್ ಯೋಜನೆ ಮತ್ತು ವಿಜ್ಞಾನ ಸಂಸ್ಥೆ, ಈ ಮೂರರಲ್ಲಿ ಒಂದನ್ನೂ ಅವರು ಕಣ್ಣಾರೆ ಕಾಣಲಿಲ್ಲ.

ಜಮ್‌ಶೆಡ್‌ಪುರ: ಸಾಧನೆ ಮತ್ತು ಸಂಘರ್ಷ

ಭೂವಿಜ್ಞಾನಿ ಪಿ. ಎನ್. ಬೋಸ್ ಅವರು 1904ರ ಫೆಬ್ರುವರಿಯಲ್ಲಿ ಪತ್ರ ಬರೆದು ಮಯೂರಭಂಜ್ ಸಂಸ್ಥಾನದ ಉತ್ತಮ ಅದಿರಿನ ನಿಕ್ಷೇಪಗಳ ಬಗ್ಗೆ ಮಾಹಿತಿ ನೀಡಿದ್ದರು. ದೊರಾಬ್‌ಜಿಯವರ ನೇತೃತ್ವದಲ್ಲಿ 1907ರಲ್ಲಿ ಟಾಟಾ ಐರನ್ ಅಂಡ್ ಸ್ಟೀಲ್ ಕಂಪನಿ ನೋಂದಣಿಯಾಯಿತು. ಅಗತ್ಯವಿದ್ದ ಬಂಡವಾಳವನ್ನು ಸುಮಾರು 8,000 ಭಾರತೀಯರು ಮೂರು ವಾರಗಳಲ್ಲಿ ಒದಗಿಸಿದರು. ಸಾಕ್ಚಿ ಎಂಬ ಗ್ರಾಮದಲ್ಲಿ ಕಾರ್ಖಾನೆ ತಲೆ ಎತ್ತಿ, 1912ರಲ್ಲಿ ಮೊದಲ ಉಕ್ಕು ಹೊರಬಂದಿತು. 1919ರಲ್ಲಿ ಊರಿಗೆ ಜಮ್‌ಶೆಡ್‌ಪುರ ಎಂದು ಹೆಸರಿಡಲಾಯಿತು.

ನಾಗಪುರದಲ್ಲಿ ಆರಂಭವಾದ ಪರಿಪಾಠವು ಇಲ್ಲಿ ವಿಸ್ತಾರಗೊಂಡಿತು. 1912ರಲ್ಲಿ ಎಂಟು ಗಂಟೆಗಳ ಕೆಲಸದ ಅವಧಿ, 1915ರಲ್ಲಿ ಉಚಿತ ವೈದ್ಯಕೀಯ ನೆರವು, 1920ರಲ್ಲಿ ಭವಿಷ್ಯ ನಿಧಿ ಮತ್ತು ವೇತನಸಹಿತ ರಜೆ, 1928ರಲ್ಲಿ ಹೆರಿಗೆ ಸೌಲಭ್ಯ ಜಾರಿಗೆ ಬಂದವು. ಆರಂಭದಲ್ಲಿ ಕುಲುಮೆಗಳ ಮೇಲ್ವಿಚಾರಣೆಗೆ ವಿದೇಶೀಯರನ್ನು ಭಾರಿ ವೇತನಕ್ಕೆ ಕರೆಸಬೇಕಾಗಿತ್ತು. 1921ರಲ್ಲಿ ಆರಂಭವಾದ ತಾಂತ್ರಿಕ ಶಿಕ್ಷಣ ಸಂಸ್ಥೆಯಲ್ಲಿ ತರಬೇತಾದ ಭಾರತೀಯರು ಕ್ರಮೇಣ ಆ ಸ್ಥಾನಗಳನ್ನು ತುಂಬಿದರು.

ಆದಾಗ್ಯೂ ಮಾಲೀಕರ ಹಿತಚಿಂತನೆಯೊಂದೇ ಸಾಕಾಗಲಿಲ್ಲ. ಮೊದಲನೆಯ ಮಹಾಯುದ್ಧದ ನಂತರ ದಿನಬಳಕೆಯ ವಸ್ತುಗಳ ಬೆಲೆ ಏರಿತು. ವೇತನವು ಅದಕ್ಕೆ ತಕ್ಕಂತೆ ಏರಲಿಲ್ಲ. 1920, 1922 ಮತ್ತು 1928ರಲ್ಲಿ ಜಮ್‌ಶೆಡ್‌ಪುರದಲ್ಲಿ ದೊಡ್ಡ ಮುಷ್ಕರಗಳು ನಡೆದವು. 1925ರಲ್ಲಿ ಮಹಾತ್ಮ ಗಾಂಧಿಯವರು ಅಲ್ಲಿಗೆ ಭೇಟಿ ನೀಡಿದರು. 1928ರ ಮುಷ್ಕರದಲ್ಲಿ ಸುಭಾಷ್ ಚಂದ್ರ ಬೋಸ್ ಅವರು ಕಾರ್ಮಿಕರ ಪರವಾಗಿ ಸಂಧಾನ ನಡೆಸಿದರು. ತಮ್ಮ ಸಂಘದ ಮೂಲಕ ತಮ್ಮ ಮಾತನ್ನು ತಾವೇ ಹೇಳಿಕೊಳ್ಳುವ ಅವಕಾಶವನ್ನು ಕಾರ್ಮಿಕರು ಹೋರಾಟದಿಂದಲೇ ಪಡೆದುಕೊಂಡರು.

ಎಂಪ್ರೆಸ್ ಮಿಲ್ಸ್‌ನ ಕಾಲದ ಮಿತಿಗಳನ್ನೂ ಇಲ್ಲಿ ಹೇಳುವುದು ಅವಶ್ಯಕ. ಅಂದು ಗಿರಣಿಗಳಲ್ಲಿ ದುಡಿಮೆಯ ಅವಧಿ ದೀರ್ಘವಾಗಿತ್ತು ಮತ್ತು ಮಕ್ಕಳೂ ದುಡಿಯುತ್ತಿದ್ದರು. 1881ರ ಕಾರ್ಖಾನೆ ಕಾಯಿದೆಯು ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳ ದುಡಿಮೆಯನ್ನು ಮಾತ್ರ ನಿಷೇಧಿಸಿತ್ತು. ವಯಸ್ಕ ಪುರುಷರ ದುಡಿಮೆಗೆ ಮೊದಲ ಮಿತಿ ಬಂದದ್ದು 1911ರಲ್ಲಿ. ಅದೂ ಬಟ್ಟೆ ಗಿರಣಿಗಳಲ್ಲಿ ದಿನಕ್ಕೆ 12 ಗಂಟೆಗಳ ಮಿತಿ. ಮಾಲೀಕನು ತಾನಾಗಿ ನೀಡಿದ ಸೌಲಭ್ಯವು ಆ ಗಿರಣಿಯ ಗೋಡೆಯೊಳಗೆ ಮಾತ್ರ ಅನ್ವಯಿಸುತ್ತಿತ್ತು. ಪಕ್ಕದ ಗಿರಣಿಯ ಕಾರ್ಮಿಕನಿಗೆ ಅದು ದೊರೆಯುತ್ತಿರಲಿಲ್ಲ.

ಸೌಲಭ್ಯದಿಂದ ಹಕ್ಕಿನ ಕಡೆಗೆ

ಒಂದು ಗಿರಣಿಯ ಪದ್ಧತಿಯು ದೇಶದ ಕಾನೂನಾಗಲು ದಶಕಗಳು ಬೇಕಾದವು. ಅಪಘಾತ ಪರಿಹಾರದ ಕಾಯಿದೆಯು 1923ರಲ್ಲಿ ಬಂದಿತು. ದಿನಕ್ಕೆ ಗರಿಷ್ಠ ಒಂಬತ್ತು ಗಂಟೆ ಮತ್ತು ವಾರಕ್ಕೆ 48 ಗಂಟೆಗಳ ಮಿತಿ ಹಾಗೂ ವೇತನಸಹಿತ ರಜೆಯನ್ನು 1948ರ ಕಾರ್ಖಾನೆಗಳ ಕಾಯಿದೆಯು ಒದಗಿಸಿತು. ಅದೇ ವರ್ಷ ಕನಿಷ್ಠ ವೇತನ ಮತ್ತು ನೌಕರರ ರಾಜ್ಯ ವಿಮಾ ಕಾಯಿದೆಗಳೂ ಬಂದವು. ಭವಿಷ್ಯ ನಿಧಿಗೆ 1952ರಲ್ಲಿ, ಹೆರಿಗೆ ಸೌಲಭ್ಯಕ್ಕೆ 1961ರಲ್ಲಿ, ಉಪದಾನಕ್ಕೆ 1972ರಲ್ಲಿ ಕಾಯಿದೆಗಳನ್ನು ರಚಿಸಲಾಯಿತು. ಈ ವಿಷಯಗಳನ್ನು ಸಂಸತ್ತು 2019 ಮತ್ತು 2020ರಲ್ಲಿ ಅಂಗೀಕರಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಅಡಕಗೊಳಿಸಲಾಗಿದೆ.

ಜೀವನದ ಪ್ರಮುಖ ಘಟನೆಗಳು

1839 – ನವಸಾರಿಯಲ್ಲಿ ಜನನ
1868 – ಸ್ವಂತ ವ್ಯಾಪಾರ ಸಂಸ್ಥೆಯ ಆರಂಭ
1877 – ನಾಗಪುರದಲ್ಲಿ ಎಂಪ್ರೆಸ್ ಮಿಲ್ಸ್ ಪ್ರಾರಂಭ
1886 – ನಿವೃತ್ತಿ ವೇತನ ನಿಧಿ. ಸ್ವದೇಶಿ ಮಿಲ್ಸ್ ಖರೀದಿ
1892 – ಉನ್ನತ ಶಿಕ್ಷಣ ದತ್ತಿ ನಿಧಿ
1895 – ಅಪಘಾತ ಪರಿಹಾರ ಪಾವತಿ ಆರಂಭ
1898 – ವಿಜ್ಞಾನ ಸಂಸ್ಥೆಯ ಯೋಜನೆ ಪ್ರಕಟ
1902 – ಉಕ್ಕಿನ ಕಾರ್ಖಾನೆಗಾಗಿ ಅಮೆರಿಕ ಪ್ರವಾಸ
1904 – ಜರ್ಮನಿಯಲ್ಲಿ ನಿಧನ

ಉಪಸಂಹಾರ

ಎಂಪ್ರೆಸ್ ಮಿಲ್ಸ್ 1986ರಲ್ಲಿ ಟಾಟಾ ಆಡಳಿತದಿಂದ ಹೊರಹೋಗಿ, ನಂತರ ಶಾಶ್ವತವಾಗಿ ಮುಚ್ಚಿತು. ಜೌಗು ನೆಲದ ಮೇಲೆ ಎದ್ದ ಆ ಗಿರಣಿ ಇಂದು ಇಲ್ಲ. ದುಡಿಯುವವನಿಗೆ ಕೂಲಿಯ ಜೊತೆಗೆ ನಾಳೆಯ ಭದ್ರತೆಯೂ ದೊರೆಯಬೇಕು ಎಂದು ಅಲ್ಲಿ ಕಂಡುಕೊಂಡ ಸತ್ಯವು ಮಾತ್ರ ಉಳಿದಿದೆ. ಅಂದು ಒಬ್ಬ ಮಾಲೀಕನ ವಿವೇಚನೆಗೆ ಒಳಪಟ್ಟಿದ್ದ ಸೌಲಭ್ಯಗಳು ಇಂದು ಕಾನೂನಿನ ಮೂಲಕ ದೊರೆಯುವ ಹಕ್ಕುಗಳಾಗಿವೆ. ಊರು ಬಿಟ್ಟು ಬಂದು ದುಡಿಯುವ ಪ್ರತಿಯೊಬ್ಬ ಕಾರ್ಮಿಕನೂ ತನ್ನ ಹೆಸರು, ಹಾಜರಾತಿ ಮತ್ತು ವೇತನವು ದಾಖಲೆಯಲ್ಲಿ ಸರಿಯಾಗಿ ನಮೂದಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಮತ್ತು ತನಗೆ ಸಲ್ಲಬೇಕಾದ ಸೌಲಭ್ಯಕ್ಕಾಗಿ ಸಂಕೋಚವಿಲ್ಲದೆ ಅರ್ಜಿ ಸಲ್ಲಿಸುವುದು ಈ ಹಕ್ಕುಗಳನ್ನು ಜೀವಂತವಾಗಿಡುವ ಮಾರ್ಗವಾಗಿದೆ.